ಸೂರ್ಯನಿಗೆ ಒನ್ಸ್ ಮೋರ್ ಇಲ್ಲ

“ಬರೂ ಐತವಾರ ಸೂರ್ಯ ಮುಳಗೂದ್ರಾಗ ನಿಮ್ಮಪ್ಪ ನಮ್ಮ ಮನ್ಯಾಗ ಕುಂತು ಹೋಳಿಗಿ ಉಣದಿದ್ರ, ನನ್ನ ಹೆಸರ ಮನೋಜ ಅಲ್ಲ!”

ಹೀಗೆ ಗರ್ಜಿಸಿದ ಮನೋಜ ಕೆಲಸ ಮಾಡುವುದು ಸಕ್ಕರೆ ಕಾರ್ಖಾನೆಯೊಂದರ ಕಾಟಾದಲ್ಲಿ, ಅಂದರೆ ಕಬ್ಬಿನ ಗಾಡಿ ತೂಗುವ ಕೋಣೆಯಲ್ಲಿ. ದಿನಕ್ಕೆ ಇನ್ನೂರು ಟ್ರ್ಯಾಕ್ಟರುಗಳ ಭಾರವನ್ನು ಕರಾರುವಾಕ್ಕಾಗಿ ಹೇಳುವ ಈ ಮಹಾಶಯ ತನ್ನ ಮಾತಿನ ಭಾರವನ್ನು ಮಾತ್ರ ಒಮ್ಮೆಯೂ ತೂಗಿ ನೋಡಿದವನಲ್ಲ!

ಹೆಂಡತಿ ಧನಶ್ರೀ ಅಕ್ಕಿ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

“ಹೆಸರ ಬದಲಿ ಮಾಡಸಾಕ ಆಧಾರ ಸೆಂಟರ್‌ದಾಗ ಭಾಳ ಪಾಳಿ ಇರತೈತ್ರಿ. ಒಂದೀಟು ವಿಚಾರ ಮಾಡಿ ಮಾತಾಡ್ರಿ.”

ಮಾತಿನಲ್ಲಿ ನಗುವಿತ್ತು, ಕಣ್ಣಿನಲ್ಲಿ ಇರಲಿಲ್ಲ. ಮದುವೆಯಾಗಿ ಎಂಟು ತಿಂಗಳು. ಬನಹಟ್ಟಿಯ ಈ ಮನೆಗೂ ತೇರದಾಳದ ತವರಿಗೂ ಬಸ್ಸಿನಲ್ಲಿ ಅರ್ಧ ತಾಸು. ಅವಳಪ್ಪ ಅಣ್ಣಾಸಾಹೇಬರು ತಿಂಗಳಿಗೊಮ್ಮೆ ಬರುತ್ತಿದ್ದರು, ಒಂದು ತಂಬಿಗೆ ನೀರು ಕುಡಿಯುತ್ತಿದ್ದರು, “ಊಟ ಆಗೇತವಾ” ಎಂದು ಎದ್ದು ಹೋಗುತ್ತಿದ್ದರು. ಬೆಳಗಿನ ಎಂಟಕ್ಕೆ ಬಂದರೂ ಅವರ ಊಟ ಆಗಿರುತ್ತಿತ್ತು! ಮಗಳ ಮನೆಯಲ್ಲಿ ಎಂಟು ತಿಂಗಳಿಂದ ಅವರು ಒಂದು ತುತ್ತು ಮುಟ್ಟಿರಲಿಲ್ಲ. ಅವರು ಹೋದ ಮೇಲೆ ಧನಶ್ರೀ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಅಗತ್ಯಕ್ಕಿಂತ ಜೋರಾಗಿ ಜೋಡಿಸುತ್ತಿದ್ದಳು. ಆ ಸದ್ದು ಕೇಳಿದಾಗಲೆಲ್ಲ ಮನೋಜನಿಗೆ ತನ್ನ ನಾಲಿಗೆಯನ್ನು ಕಾಟಾದ ಮೇಲಿಟ್ಟು ಗಾಡಿ ಹಾಯಿಸಬೇಕು ಅನ್ನಿಸುತ್ತಿತ್ತು.

ಯಾಕೆಂದರೆ ತಪ್ಪೆಲ್ಲ ಆ ನಾಲಿಗೆಯದೇ. ಅಣ್ಣಾಸಾಹೇಬರು ಅರಿಷಿಣದ ವ್ಯಾಪಾರಿ, ಸರಿ. ಆದರೆ ಅದು ಹೊಟ್ಟೆಪಾಡು. ಒಳಗಿನಿಂದ ಅವರು ದಂಡನಾಯಕ ರುದ್ರಧೀರ! ತರುಣರಿದ್ದಾಗ ‘ಕುಂಕುಮ ಕೇಳಿದ ಕಂಕಣ’ ಎಂಬ ನಾಟಕದಲ್ಲಿ ಆ ಪಾತ್ರವನ್ನು ಮೂವತ್ತೇಳು ಸಲ ಮಾಡಿದ್ದರು. ಜಮಖಂಡಿಯಲ್ಲಿ, ಮುಧೋಳದಲ್ಲಿ, ಬೀಳಗಿಯಲ್ಲಿ, ಎಲ್ಲೆಲ್ಲಿ ಪರದೆ ಕಟ್ಟಲು ಎರಡು ಗಳ ಸಿಕ್ಕವೋ ಅಲ್ಲೆಲ್ಲ. ಪಾತ್ರ ಇರುವುದು ಕೊನೆಯ ಅಂಕದಲ್ಲಿ, ಒಂದೇ ಪ್ರವೇಶ. ದುಷ್ಟ ಮಂತ್ರಿ ರಾಜಕುಮಾರಿಗೆ ಬಲವಂತದ ಮದುವೆ ಮಾಡಿಸುತ್ತಿರುವಾಗ ದಂಡನಾಯಕ ಪತ್ರ ಹಿಡಿದು ನುಗ್ಗಿ, “ನಿಲ್ಲಿಸಿರಿ ಈ ವಿವಾಹವನ್ನು!” ಎಂದು ಗುಡುಗಬೇಕು. ಜನ ಎದ್ದು ನಿಂತು “ಒನ್ಸ್ ಮೋರ್!” ಎನ್ನುತ್ತಿದ್ದರಂತೆ. ಅವರು ಹೊರಗೆ ಹೋಗಿ ಮತ್ತೆ ನುಗ್ಗುತ್ತಿದ್ದರಂತೆ. ಒಮ್ಮೆ ಮುಧೋಳದಲ್ಲಿ ಆರು ಸಲ ನುಗ್ಗಿದ್ದರಂತೆ.

ಮದುವೆಯ ಊಟದ ಪಂಕ್ತಿಯಲ್ಲಿ ಈ ಕತೆ ಕೇಳಿದ ಹೊಸ ಅಳಿಯ ಹೋಳಿಗೆ ಮುರಿಯುತ್ತ ಹೇಳಿದ್ದ: “ಒಂದ ಮಾತು ಆರು ಸರತಿ ಒದರೂದಕ್ಕ ನಾಟಕ ಅಂತಾರೇನ್ರಿ ಮಾವಾರ? ಏನ ಅನ್ರಿ, ಸಿನಿಮಾದ ಮುಂದ ನಾಟಕ ಏನೂ ಅಲ್ಲ.”

ಅಣ್ಣಾಸಾಹೇಬರು ಎಲೆಯ ಮೇಲೆ ಕೈ ತೊಳೆದಿದ್ದರು. ಅಂದಿನಿಂದ ಅಳಿಯನ ಮನೆಯಲ್ಲಿ ಬರೀ ನೀರು!

ಈಗ ಪ್ರಾಯಶ್ಚಿತ್ತಕ್ಕೆ ದಾರಿ ಸಿಕ್ಕಿತ್ತು. ಆ ನಾಟಕವನ್ನು ಎಂದೋ ಸಿನಿಮಾ ಮಾಡಿದ್ದರು, ಕಪ್ಪು-ಬಿಳುಪಿನದು. ಯಾರೋ ಪುಣ್ಯಾತ್ಮರು ಅದನ್ನು ಯೂಟ್ಯೂಬಿಗೆ ಹಾಕಿದ್ದು ಮನೋಜನ ಕಣ್ಣಿಗೆ ಬಿತ್ತು. ಪೆನ್‌ಡ್ರೈವಿಗೆ ತುಂಬಿಸಿದ. ಮಾವನಿಗೆ ಅವರದೇ ನಾಟಕ ತೋರಿಸಿ, ಕಣ್ಣಲ್ಲಿ ನೀರು ತರಿಸಿ, ಆ ನೀರು ಆರುವುದರೊಳಗೆ ಎಲೆ ಹಾಕಿಬಿಡುವುದು. ಎಂಥ ಯೋಜನೆ!

“ಪೂರ್ತಿ ನೋಡೀರೇನ್ರಿ?” ಎಂದು ಕೇಳಿದಳು ಧನಶ್ರೀ.

“ಒಂದ ಸರತಿ ಅಲ್ಲ, ಎರಡ ಸರತಿ!”

ಸತ್ಯ ಏನೆಂದರೆ, ಪಾಳಿ ಮುಗಿಸಿ ಬಂದು ಎರಡು ಸಲ ಹಚ್ಚಿದ್ದು ನಿಜ. ಎರಡು ಸಲವೂ ತಾರಾಗಣದ ಹೆಸರುಗಳು ಮುಗಿಯುವಷ್ಟರಲ್ಲಿ ನಿದ್ದೆ ಹೋಗಿದ್ದ.

ಮಾವನಿಗೆ ಫೋನ್ ಹಚ್ಚಿ ಸಿನಿಮಾಕ್ಕೆ ಕರೆದ. ಆ ಕಡೆಯಿಂದ ಬಿಗಿ ದನಿಯಲ್ಲಿ ಒಂದು ಪ್ರಶ್ನೆ.

“ದಂಡನಾಯಕನ ಪಾತ್ರ ಯಾರು ಮಾಡ್ಯಾರ?”

ಮನೋಜ ನೆನಪಿನ ಬುಟ್ಟಿಗೆ ಕೈ ಹಾಕಿದ. ತಾರಾಗಣದ ಕಟ್ಟಕಡೆಯ ಹೆಸರೊಂದು ಸಿಕ್ಕಿತು. “ಮೋತಿ ಅಂತ ಒಬ್ಬರ್ರಿ ಮಾವಾರ. ಏನ ಮಾಡ್ಯಾರ ಅಂತೀರಿ! ಆ ನಡಗಿ, ಆ ನೋಟ! ಖರೆ ಹೇಳಬೇಕಂದ್ರ, ನಿಮ್ಮ ಹಂಗ!”

“ಹೌದಾ?” ಬಿಗಿ ದನಿ ಸಡಿಲವಾಯಿತು. “ಹಂಗಾರ ಬರ್ತೀನಿ.”

ಐತವಾರ ಮಧ್ಯಾಹ್ನ ಎರಡಕ್ಕೆ ಎಲ್ಲ ಸಿದ್ಧ. ಗೋಡೆಯ ಕ್ಯಾಲೆಂಡರಿನ ಪ್ರಕಾರ ಸೂರ್ಯಾಸ್ತ ಆರು ಗಂಟೆ ಎರಡು ನಿಮಿಷಕ್ಕೆ. ಆಮೇಲೆ ಅಣ್ಣಾಸಾಹೇಬರ ಬಾಯಿಗೆ ನೀರೂ ಹೋಗದು. ಅದು ಅವರ ಜೈನ ಮನೆತನದ ನೇಮ, ತಲೆಮಾರುಗಳಿಂದ ಬಂದದ್ದು. ಮನೋಜನ ಲೆಕ್ಕ ಸರಳ: ಎರಡೂವರೆಗೆ ಸಿನಿಮಾ ಶುರು, ಐದಕ್ಕೆ ಮುಕ್ತಾಯ, ಐದು ಕಾಲಿಗೆ ಎಲೆ. ನಡುವೆ ಮುಕ್ಕಾಲು ತಾಸು ಹೆಚ್ಚಿಗೆ! ಟಿವಿಯ ಸ್ವಂತ ಗಂಟಲು ದೀಪಾವಳಿಯಲ್ಲೇ ಬಿದ್ದುಹೋಗಿತ್ತೆಂದು ಒಂದು ಸೌಂಡ್ ಬಾಕ್ಸ್ ತಂದು ಜೋಡಿಸಿದ್ದ. ಪಕ್ಕದ ಮನೆಯ ಮಗ್ಗಗಳ ಖಟಖಟ ಅಡ್ಡ ಬರಬಾರದೆಂದು ಮಾಲೀಕ ಮುರಗೆಪ್ಪನನ್ನೇ ಸಿನಿಮಾಕ್ಕೆ ಕರೆದಿದ್ದ. ಎಷ್ಟಾದರೂ ಮುರಗೆಪ್ಪ ಅದೇ ನಾಟಕದ ಪ್ರಾಂಪ್ಟರು. ಪರದೆಯ ಹಿಂದೆ ನಿಂತು ನಟರಿಗೆ ಮಾತು ಹೇಳಿಕೊಡುತ್ತಿದ್ದ ಪುಣ್ಯಜೀವಿ. ಅವನು ಬಂದ. ಅವನ ಹಿಂದೆ ಓಣಿಯ ಹನ್ನೊಂದು ಮಂದಿಯೂ ಬಂದರು. ಎಲ್ಲರಿಗಿಂತ ಮುಂದೆ, ಟಿವಿಗೆ ಮೂಗು ತಾಗುವಷ್ಟು ಹತ್ತಿರ, ಅಜ್ಜಿ ಬೋರವ್ವ ಚಕ್ಕಳಮಕ್ಕಳ ಹಾಕಿ ಕುಳಿತಳು.

ಅಣ್ಣಾಸಾಹೇಬರು ಹೆಂಡತಿ ಇಂದ್ರವ್ವನ ಜೊತೆ ಬಂದಿಳಿದರು. ಕೈಯಲ್ಲೊಂದು ತಗಡಿನ ಟ್ರಂಕು.

“ಇದರಾಗೇನೈತ್ರಿ ಮಾವಾರ?”

“ಐತಿ,” ಎಂದರು ಅಷ್ಟೇ. ಕುಳಿತು, ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದರು: “ಸಂಜಿ ಊಟದ ನೇಮ ಹೆಂಗ ನಡದೈತಿ ಅಳಿಯಾರ?”

ಕಾಟಾದ ಪಾಳಿಯಲ್ಲಿ ದೀಪ ಹಚ್ಚಿದ ಮೇಲೆ ಎರಡು ಪ್ಲೇಟು ಮಿರ್ಚಿ ಭಜಿ ತಿನ್ನುವ ಮನೋಜ ಎದೆ ಸೆಟೆಸಿದ. “ಚಾತುರ್ಮಾಸದಿಂದ ಹಿಡದು ಇವತ್ತಿನ ತನಕ, ಸೂರ್ಯ ಮುಳಗಿದ ಮ್ಯಾಲ ಒಂದ ಕಾಳ ಮುಟ್ಟಿಲ್ರಿ!”

ಧನಶ್ರೀ ಒಳಗಿನಿಂದ ಕೆಮ್ಮಿದಳು.

“ಶುರು ಮಾಡಲೇನ್ರಿ?” ಮನೋಜ ರಿಮೋಟ್ ಎತ್ತಿದ.

“ಏ, ಏ, ತಡೀರಿ!” ಅಣ್ಣಾಸಾಹೇಬರು ಕೈ ಎತ್ತಿದರು. “ಪೂಜಿ ಇಲ್ಲದ ಪರದೆ ಏಳಸ್ತೀರೇನು? ಕಾಯಿ ಎಲ್ಲೈತಿ? ಪ್ರಾಂಪ್ಟರನ ಕೈಲೆ ಒಡಸೂದು ನಮ್ಮ ಪದ್ಧತಿ. ಲೇ ಮುರಗ್ಯಾ, ಏಳ!”

ನಾಟಕಕ್ಕೆ ಮೊದಲು ರಂಗಪೂಜೆ ಆಗಬೇಕು, ಯಾರು ಬೇಡವೆಂದರು? ಆದರೆ ಟಿವಿಗೆ? ಬೇಡವೆನ್ನುವ ಧೈರ್ಯ ಅಳಿಯನಿಗಿರಲಿಲ್ಲ. ಕಾಯಿ ಹುಡುಕಿದರು, ಊದುಬತ್ತಿ ಹುಡುಕಿದರು. ಟಿವಿಯ ಹಣೆಗೆ ಕುಂಕುಮ ಏರಿತು. ಮುರಗೆಪ್ಪ ಮಗ್ಗದ ಕಬ್ಬಿಣದ ತುಂಡೊಂದನ್ನು ಹಿಡಿದು, ಎಡ ಅಂಗೈಯಲ್ಲಿ ಕಾಯಿ ಇಟ್ಟುಕೊಂಡು, ಸೌಂಡ್ ಬಾಕ್ಸಿನ ಮುಂದೆ ನಿಂತು ಒಂದೇ ಏಟು ಕೊಟ್ಟ. ಎಂಥ ಏಟು! ಕಾಯಿ ಎರಡು ಹೋಳು, ನೀರು ಒಂದೇ ಧಾರೆ. ಒಂದು ಹನಿಯೂ ನೆಲಕ್ಕೆ ಬೀಳದೆ ನೇರವಾಗಿ ಡಬ್ಬಿಯ ಹೊಟ್ಟೆಗೆ! ಒಳಗೆ ‘ಗುಳುಂ’ ಎಂದಿತು. ಆಮೇಲೆ ‘ಚುರ್’ ಎಂದಿತು. ಆಮೇಲೆ ಏನೂ ಅನ್ನಲಿಲ್ಲ.

ಟಿವಿಯಲ್ಲಿ ಸಿನಿಮಾ ಶುರುವಾಯಿತು. ರಾಜ ಬಾಯಿ ತೆರೆದ, ಮುಚ್ಚಿದ. ರಾಣಿ ಬಾಯಿ ತೆರೆದಳು, ಮುಚ್ಚಿದಳು. ನೀರಿನಿಂದ ಹೊರಗೆ ತೆಗೆದ ಮೀನುಗಳ ಸಂಸಾರದಂತೆ ಇತ್ತು.

“ಮೂಕರ ಸಿನಿಮಾನ ಇದು?” ಎಂದಳು ಬೋರವ್ವ.

ಮನೋಜ ಸೌಂಡ್ ಬಾಕ್ಸಿನ ನೆತ್ತಿಗೆ ಎರಡು ಸಲ ತಟ್ಟಿ ನೋಡಿದ, ಅದು ಏಳಲಿಲ್ಲ. ಆದರೆ ಮುರಗೆಪ್ಪ ಒಡೆದ ಕಾಯಿಯ ಹೋಳನ್ನು ಎತ್ತಿ ಹಿಡಿದು ಅಭಯ ಕೊಟ್ಟ. “ಯಾರೂ ಎದಿ ಒಡಕೋಬ್ಯಾಡ್ರಿ! ಇಡೀ ನಾಟಕ ನನ್ನ ಹೊಟ್ಟ್ಯಾಗ ಐತಿ. ಅವರು ಬಾಯಿ ಆಡಸಲಿ, ಮಾತು ನಾವು ಆಡೂಣು!”

ಹೇಳಿ ಟಿವಿಯ ಹಿಂದಿನ ಬಾಗಿಲ ಪರದೆಯ ಮರೆಗೆ ಹೋಗಿ ನಿಂತೇಬಿಟ್ಟ. ನಲವತ್ತು ವರ್ಷದ ಹಳೆಯ ಜಾಗ ಸಿಕ್ಕಿದ ಖುಷಿಗೆ ಅವನ ಪಿಸುದನಿ ಎರಡು ಓಣಿಗೆ ಕೇಳುತ್ತಿತ್ತು. ಗಂಡಸರ ಮಾತು ಅಣ್ಣಾಸಾಹೇಬರ ಪಾಲು. ಹೆಂಗಸರ ಮಾತಿಗೆ ಯಾರು ಎನ್ನುವಷ್ಟರಲ್ಲಿ ಇಂದ್ರವ್ವ ಸೆರಗು ಸರಿಮಾಡಿಕೊಂಡರು. “ಮೂವತ್ತೇಳ ಸರತಿ ನೋಡೇನಿ. ನನಗೇನ ಬರೂದಿಲ್ಲೇನ?”

ಹೀಗೆ ಜಗತ್ತಿನ ಚಲನಚಿತ್ರ ಚರಿತ್ರೆಯಲ್ಲಿ ಹಿಂದೆಂದೂ ಆಗದ ಪ್ರದರ್ಶನವೊಂದು ಬನಹಟ್ಟಿಯ ನಡುಮನೆಯಲ್ಲಿ ಮೂರು ಗಂಟೆ ಹತ್ತು ನಿಮಿಷಕ್ಕೆ ಆರಂಭವಾಯಿತು.

ತೊಂದರೆ ಒಂದೇ. ನಾಟಕದವರ ಹತ್ತಿರ ಇದ್ದದ್ದು ಮೂರೇ ಪರದೆ: ಅರಮನೆ, ಬೀದಿ, ಕಾಡು. ಸಿನಿಮಾದವರಿಗೆ ಗುಡ್ಡ, ನದಿ, ಕುದುರೆ ಎಲ್ಲ ಸಿಕ್ಕಿದ್ದವು, ಸಿಕ್ಕದ್ದನ್ನೆಲ್ಲ ತೋರಿಸಿದ್ದರು. ರಾಜಕುಮಾರ ಕುದುರೆಯ ಮೇಲೆ ಗುಡ್ಡ ಹತ್ತುತ್ತ ಧೂಳೆಬ್ಬಿಸುತ್ತಿದ್ದಾಗ ಅಣ್ಣಾಸಾಹೇಬರು ಅತಿ ವಿನಯದಿಂದ, “ಅತ್ತೆಯವರೇ, ಒಳಗೆ ಬರಲೇ? ಪಾದರಕ್ಷೆ ಎಲ್ಲಿ ಬಿಡಲಿ?” ಎನ್ನುತ್ತಿದ್ದರು. ರಾಜಕುಮಾರಿ ದೋಣಿಯಲ್ಲಿ ಕುಳಿತು ತಾವರೆ ಕೀಳುತ್ತಿದ್ದರೆ ಇಂದ್ರವ್ವ, “ಅಯ್ಯೋ, ಈ ಕತ್ತಲು ಕೋಣೆಯಲ್ಲಿ ಎಷ್ಟು ದಿನ ಕೊಳೆಯಲಿ!” ಎಂದು ಅಳುತ್ತಿದ್ದರು. ಮಂತ್ರಿ ನಗುವಾಗ ಇವರು ಬಿಕ್ಕುತ್ತಿದ್ದರು, ಮಂತ್ರಿ ಸೀನಿದಾಗ ಇವರು ಶಾಪ ಹಾಕುತ್ತಿದ್ದರು.

“ನಿಂದರ್ರಿ, ನಿಂದರ್ರಿ!” ಪರದೆಯ ಹಿಂದಿನಿಂದ ಮುರಗೆಪ್ಪ ಕೂಗಿದ. “ಸಿನಿಮಾದವರು ಎರಡ ಪುಟ ಹಾರಸ್ಯಾರ! ನಮ್ಮ ಮಾತ ಇನ್ನೂ ಮುಗದಿಲ್ಲ!”

ಮನೋಜ ಸಿನಿಮಾ ನಿಲ್ಲಿಸಿದ. ಎರಡು ಪುಟದ ಮಾತು ಮುಗಿಯುವವರೆಗೆ ರಾಜಕುಮಾರ ಒಂದು ಕಾಲು ಎತ್ತಿಕೊಂಡು ನಿಂತ.

ಅಷ್ಟರಲ್ಲಿ ಹಾಡು ಬಂತು. ಅಣ್ಣಾಸಾಹೇಬರು ಕಣ್ಣು ಮುಚ್ಚಿ ಹಾಡಿದರು. ಅರಿಷಿಣದ ಮೂಟೆಗಳ ನಡುವೆ ಇಷ್ಟು ವರ್ಷ ಬಚ್ಚಿಟ್ಟಿದ್ದ ದನಿ ಅದು. ಧನಶ್ರೀ ಕೂಡ ಹೋಳಿಗೆಯ ಹಂಚು ಬಿಟ್ಟು ಬಾಗಿಲಿಗೆ ಬಂದು ನಿಂತಳು. ಅಪ್ಪನ ಮುಖದಲ್ಲಿ ಇಂಥ ಬೆಳಕನ್ನು ಅವಳು ನೋಡಿಯೇ ಇರಲಿಲ್ಲ. ಮನೋಜನ ಎದೆ ಅರಳಿತು. ಗೆದ್ದೆ!

ಹಾಡು ಮುಗಿಯಿತು. ಹನ್ನೊಂದು ಕಂಠಗಳು ಒಟ್ಟಿಗೆ ಎದ್ದವು: “ಒನ್ಸ್ ಮೋರ್!”

ಮನೋಜನ ಲೆಕ್ಕದಲ್ಲಿ ಇದೊಂದು ಬಿಟ್ಟುಹೋಗಿತ್ತು! ಈ ಸೀಮೆಯಲ್ಲಿ ಹಾಡು ಚೆನ್ನಾಗಿದ್ದರೆ ಜನ ಚಪ್ಪಾಳೆ ತಟ್ಟಿ ಸುಮ್ಮನಾಗುವುದಿಲ್ಲ, ಮತ್ತೆ ಹಾಡಿಸುತ್ತಾರೆ. ಸಿನಿಮಾ ಹಿಂದಕ್ಕೆ ಓಡಿತು. ಮತ್ತೆ ಹಾಡು. ಮತ್ತೆ “ಒನ್ಸ್ ಮೋರ್!” ಮತ್ತೆ ಹಿಂದಕ್ಕೆ. ನಾಲ್ಕು ಗಂಟೆಗೆ ದೋಣಿ ಹತ್ತಿದ ರಾಜಕುಮಾರಿ ಐದೂ ಹತ್ತಾದರೂ ಇಳಿಯಲಿಲ್ಲ.

“ರೀ,” ಧನಶ್ರೀ ಗಂಡನ ಕಿವಿಯ ಹತ್ತಿರ ಬಗ್ಗಿದಳು. “ಬಿಸಲು ಕಿಟಕಿಯಿಂದ ಗ್ವಾಡಿಗೆ ಬಂತು. ಹೋಳಿಗಿ ಆದುವು, ಕಟ್ಟಿನ ಸಾರು ಆತು. ಲಗೂ ಓಡಸ್ರಿ.”

“ಓಡಸಾಕ ಇದೇನ ಟ್ರ್ಯಾಕ್ಟರ್ ಏನ?”

“ಅಪ್ಪ ಇವತ್ತೂ ಉಣಲಾರದ ಹೋದ್ರ, ನಾನೂ ಅವರ ಜೋಡಿ ತೇರದಾಳ ಬಸ್ ಹತ್ತತೇನ್ರಿ. ಖರೇನ ಹೇಳಾಕತ್ತೇನಿ.”

ಈ ಸಲ ಮಾತಿನಲ್ಲೂ ನಗುವಿರಲಿಲ್ಲ. ಮನೋಜ ಯಾರಿಗೂ ಕಾಣದಂತೆ ರಿಮೋಟ್ ಒತ್ತಿದ. ಯುದ್ಧ ಹಾರಿತು, ಕಾಡು ಹಾರಿತು. ಮದುವೆ ಮಂಟಪ ಬಂತು. ಐದೂ ಇಪ್ಪತ್ತು!

ಅಣ್ಣಾಸಾಹೇಬರು ಟ್ರಂಕು ಎತ್ತಿಕೊಂಡು ಮಲಗುವ ಕೋಣೆಗೆ ಹೋದರು. ಎರಡು ನಿಮಿಷದಲ್ಲಿ ಬಾಗಿಲ ಸಂದಿಯಿಂದ ಕಾಣಿಸಿದ್ದು ಜರಿ ರುಮಾಲು, ಹೊಟ್ಟೆಯ ಮೇಲೆ ಗುಂಡಿ ಹತ್ತದ ಮಖಮಲ್ಲಿನ ಅಂಗಿ, ತಗಡಿನ ಖಡ್ಗ, ಕೈಯಲ್ಲಿ ಸುರುಳಿ ಸುತ್ತಿದ ಪತ್ರ.

“ಮೋತಿಯವರು ಯಾವಾಗ ಬರ್ತಾರ ಹೇಳ್ರಿ ಅಳಿಯಾರ,” ಎಂದರು ಪಿಸುದನಿಯಲ್ಲಿ. “ಇಬ್ಬರೂ ಕೂಡೇ ನುಗ್ಗತೀವಿ. ಅವರು ಅಲ್ಲಿಂದ, ನಾ ಇಲ್ಲಿಂದ!”

ತೆರೆಯ ಮೇಲೆ ತಾಳಿ ಮೇಲೆದ್ದಿತು. ಅರಮನೆಯ ಹೆಬ್ಬಾಗಿಲು ಅಲುಗಾಡಿತು. ಬಾಗಿಲು ಧಡಾರನೆ ತೆರೆಯಿತು! ಅದೇ ಕ್ಷಣಕ್ಕೆ ಅಣ್ಣಾಸಾಹೇಬರು ಖಡ್ಗ ಝಳಪಿಸುತ್ತ ನಡುಮನೆಗೆ ನುಗ್ಗಿದರು.

“ನಿಲ್ಲಿಸಿರಿ ಈ ವಿವಾಹವನ್ನು!”

ತೆರೆಯ ಮೇಲೆ, ಹೆಬ್ಬಾಗಿಲಿನಿಂದ, ಬಾಯಲ್ಲಿ ಪತ್ರ ಕಚ್ಚಿಕೊಂಡು, ಬಾಲ ಅಲ್ಲಾಡಿಸುತ್ತ, ಒಂದು ನಾಯಿ ಬಂತು.

ಕಪ್ಪು ಬಣ್ಣದ, ದಷ್ಟಪುಷ್ಟ ನಾಯಿ. ಮಂಟಪದ ಮೆಟ್ಟಿಲು ಹತ್ತಿತು. ಪತ್ರವನ್ನು ರಾಜನ ಕಾಲ ಬಳಿ ಇಟ್ಟಿತು. ಕ್ಯಾಮೆರಾ ಅದರ ಮುಖದ ಹತ್ತಿರ ಹೋಗಿ ನಿಂತಿತು, ನಾಯಕನಿಗೂ ಸಿಗದಷ್ಟು ಹೊತ್ತು.

ಬೋರವ್ವ ಟಿವಿಯನ್ನೊಮ್ಮೆ ನೋಡಿದಳು, ಅಣ್ಣಾಸಾಹೇಬರನ್ನೊಮ್ಮೆ ನೋಡಿದಳು.

“ಅಯ್ಯ ನಮ್ಮವ್ವ! ಸಾವಕಾರ್ರ ಪಾತ್ರ ಈ ನಾಯಿ ಮಾಡೇತೇನ?”

ಅಣ್ಣಾಸಾಹೇಬರು ನಿಧಾನಕ್ಕೆ ಅಳಿಯನ ಕಡೆ ತಿರುಗಿದರು. “ಇವರ ಏನು ಮೋತಿಯವರು?”

ಮನೋಜನ ಬಾಯಿ ತೆರೆಯಿತು, ಮುಚ್ಚಿತು. ಅವನ ಸೌಂಡ್ ಬಾಕ್ಸೂ ಹೋಗಿತ್ತು.

“ಆ ನಡಗಿ? ಆ ನೋಟ? ನನ್ನ ಹಂಗ?”

“ಮಾವಾರ, ಖರೆ ಹೇಳ್ತೀನ್ರಿ, ನಾ ಸಿನಿಮಾ ನೋಡಿಲ್ರಿ! ಬರೀ ಹೆಸರ ನೋಡಿದ್ನಿ. ಅಷ್ಟರಾಗ ನಿದ್ದಿ ಬಂತ್ರಿ!”

ಧನಶ್ರೀ ಸೌಟು ಹಿಡಿದೇ ಹಣೆ ಚಚ್ಚಿಕೊಂಡಳು. ಅಣ್ಣಾಸಾಹೇಬರು ರುಮಾಲು ತೆಗೆದರು. ಅದನ್ನು ಟ್ರಂಕಿನಲ್ಲಿಟ್ಟರು. ಮೂವತ್ತೇಳು ಸಲ ಗುಡುಗಿದ ಮನುಷ್ಯ ಒಂದೂ ಮಾತಾಡದೆ ಚಪ್ಪಲಿ ಹುಡುಕತೊಡಗಿದ್ದನ್ನು ನೋಡಿ ಮನೋಜನಿಗೆ ಮೊದಲ ಬಾರಿಗೆ ನಿಜವಾಗಿ ಸಂಕಟವಾಯಿತು. ಅವರು ಸಿಟ್ಟಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಸಣ್ಣವರಾಗಿದ್ದರು, ಅದೂ ಅವನ ಮನೆಯಲ್ಲಿ.

ಐದೂ ಮೂವತ್ತೆರಡು. ಮನೋಜ ಓಡಿಹೋಗಿ ಟಿವಿಯ ಸ್ವಿಚ್ಚನ್ನೇ ಆರಿಸಿದ.

“ಸುಟ್ಟ ಬರಲಿ ಈ ಸಿನಿಮಾ! ಮದವಿ ಊಟದಾಗ ನಾ ಆಡಿದ ಮಾತು ಶುದ್ಧ ತಪ್ಪರಿ ಮಾವಾರ. ಇವರಿಗೆ ಗುಡ್ಡ ಸಿಕ್ಕೇತಿ, ಕುದರಿ ಸಿಕ್ಕೇತಿ, ನಿಮ್ಮ ಪಾತ್ರ ಮಾಡಾಕ ಒಬ್ಬ ಗಂಡಸು ಸಿಕ್ಕಿಲ್ಲ! ಅದಕ್ಕ ನಾಯಿ ಹಿಡಕೊಂಡ ಬಂದಾರ. ಮುರಗೆಪ್ಪ ಕಾಕಾ, ಮಂತ್ರಿ ಮಾತು ಹೇಳ್ರಿ. ಅತ್ತಿಯಾರ, ನೀವ ರಾಜಕುಮಾರಿ. ಮಾವಾರ, ಕಡೀ ಅಂಕ ನಮಗ ನೀವ ತೋರಸ್ರಿ!”

ಹೇಳಿ ದಿವಾನದ ಮೇಲಿನ ಚಾದರ ಎಳೆದು, ಕುರ್ಚಿಯ ಮೇಲೆ ಹತ್ತಿ, ಎರಡೂ ಕೈಯಿಂದ ಪರದೆಯಂತೆ ಹಿಡಿದು ನಿಂತ.

ಅಣ್ಣಾಸಾಹೇಬರ ಒಂದು ಕಾಲು ಚಪ್ಪಲಿಯಲ್ಲಿತ್ತು. ಪರದೆಯ ಹಿಂದಿನಿಂದ ಮುರಗೆಪ್ಪನ ಪಿಸುದನಿ ಬಂತು: “ನಿಲ್ಲಿಸಿರಿ...”

ಆ ಒಂದು ಶಬ್ದ ಸಾಕಾಯಿತು. ರುಮಾಲು ಮತ್ತೆ ತಲೆಗೇರಿತು. ಚಾದರ ಸರಿಯಿತು. ಅರವತ್ತೆಂಟರ ದಂಡನಾಯಕ ರುದ್ರಧೀರ ಬನಹಟ್ಟಿಯ ನಡುಮನೆಗೆ ನುಗ್ಗಿ ಗುಡುಗಿದ ಗುಡುಗಿಗೆ ಅಟ್ಟದ ಮೇಲಿನ ಸ್ಟೀಲ್ ಡಬ್ಬಿಗಳು ಝಣ್ ಎಂದವು! ಇಂದ್ರವ್ವ ರಾಜಕುಮಾರಿಯಾಗಿ ನಿಜವಾಗಿಯೇ ಕಣ್ಣೊರೆಸಿಕೊಂಡರು. ಬೋರವ್ವ ಎದ್ದು ನಿಂತಳು. “ಒನ್ಸ್ ಮೋರ್!”

ದಂಡನಾಯಕ ಹೊರಗೆ ಹೋದ, ಮತ್ತೆ ನುಗ್ಗಿದ. “ಒನ್ಸ್ ಮೋರ್!” ಮತ್ತೆ ಹೋದ, ಮತ್ತೆ ನುಗ್ಗಿದ. ಚಾದರ ಎತ್ತಿ ಇಳಿಸಿ ಮನೋಜನ ತೋಳು ಬಿದ್ದುಹೋದವು. ನಾಲ್ಕನೆಯ ಸಲ, ಐದನೆಯ ಸಲ, ಆರನೆಯ ಸಲ. ಗೋಡೆಯ ಮೇಲಿನ ಬಿಸಿಲು ಕೆಂಪಾಗಿ ಸೂರಿನ ಹತ್ತಿರ ಹತ್ತಿಬಿಟ್ಟಿತ್ತು. ಮುಧೋಳದ ದಾಖಲೆ ಮುರಿಯಲು ಅಣ್ಣಾಸಾಹೇಬರು ಖಡ್ಗ ಎತ್ತಿದ್ದರು, ಅಷ್ಟರಲ್ಲಿ ಅಡುಗೆಮನೆಯಿಂದ ಅದಕ್ಕಿಂತ ದೊಡ್ಡ ಗುಡುಗು.

“ನಿಲ್ಲಸ್ರಿ ಈ ನಾಟಕಾ!”

ಧನಶ್ರೀ ನಿಂತಿದ್ದಳು, ಕೈಯಲ್ಲಿ ಹೋಳಿಗೆಯ ತಾಟು. “ಅಪ್ಪಾ, ಐದೂ ನಲವತ್ತೈದ ಆತು. ನೀವು ಒನ್ಸ್ ಮೋರ್ ಅಂದ್ರ ಹೊಳ್ಳಿ ಬರ್ತೀರಿ. ಸೂರ್ಯ ಬರ್ತಾನೇನು? ಕೂಡ್ರಿ!”

ದಂಡನಾಯಕ ಖಡ್ಗ ಕೆಳಗಿಟ್ಟ. ಮಗಳ ಮುಖ ನೋಡಿದ. ಮಖಮಲ್ಲಿನ ಅಂಗಿಯಲ್ಲೇ ಚಾಪೆಯ ಮೇಲೆ ಕುಳಿತು ಮೊದಲ ತುತ್ತು ಮುರಿದ. “ಛಲೋ ಆಗೇತವಾ,” ಎಂದ. ಎಂಟು ತಿಂಗಳ ಪಾತ್ರೆಗಳ ಸದ್ದು ಆ ಎರಡು ಶಬ್ದಕ್ಕೆ ನಿಂತಿತು. ಧನಶ್ರೀ ತುಪ್ಪದ ತಂಬಿಗೆಯನ್ನು ಅಪ್ಪನ ತಾಟಿಗೆ ಬಗ್ಗಿಸಿದವಳು ಎತ್ತುವುದನ್ನೇ ಮರೆತಳು.

ಮನೋಜ ಹಾರಾಡಿಕೊಂಡು ಬಡಿಸಿದ. ಮಾವನಿಗೆ ಮೂರು, ಅತ್ತೆಗೆ ಎರಡು, ಓಣಿಯವರಿಗೆ ಬೇಡವೆಂದರೂ ಒಂದೊಂದು. ಬೋರವ್ವ ಹೋಳಿಗೆಗೂ ಒನ್ಸ್ ಮೋರ್ ಎಂದಳು. ಎಲ್ಲರದೂ ಆದ ಮೇಲೆ, ಬೆಳಗಿನಿಂದ ಒಂದು ಕಪ್ ಚಹಾದ ಮೇಲಿದ್ದ ಮನೋಜ ತಾಟು ಮುಂದಿಟ್ಟುಕೊಂಡು ಕುಳಿತು, ಹೋಳಿಗೆಯ ತುಂಡನ್ನು ತುಪ್ಪದಲ್ಲಿ ಅದ್ದಿ, ಬಾಯಿಯ ತನಕ ತಂದ.

ಅಣ್ಣಾಸಾಹೇಬರು ಕಿಟಕಿಯ ಹೊರಗೆ ನೋಡಿ ಕೈ ಮುಗಿದರು. “ಮುಳಗಿದ.”

ಮನೋಜನ ಕೈ ಗಾಳಿಯಲ್ಲಿ ನಿಂತಿತು.

“ನೋಡ್ರಿ ಎಲ್ಲಾರು,” ಮಾವನ ದನಿಯಲ್ಲಿ ಹೆಮ್ಮೆ ಉಕ್ಕುತ್ತಿತ್ತು. “ಎಲ್ಲಾರಿಗೂ ಬಡಿಸಿ ತಾ ಉಪಾಸ ಉಳದಾನ. ಚಾತುರ್ಮಾಸದಿಂದ ಒಂದ ಕಾಳ ಮುಟ್ಟಿಲ್ಲಂತ! ಇಂಥಾ ನೇಮದ ಅಳಿಯ ಜಮಖಂಡಿ ಸೀಮ್ಯಾಗ ಇನ್ನೊಬ್ಬ ಇಲ್ಲ.”

ಧನಶ್ರೀ ಬಂದು ಅತ್ಯಂತ ಭಕ್ತಿಯಿಂದ ಗಂಡನ ಮುಂದಿನ ತಾಟು ಎತ್ತಿಕೊಂಡಳು. “ಮಿರ್ಚಿ ಭಜಿನೂ ಇಲ್ಲೇನ್ರಿ?” ಎಂದಳು, ಅವನಿಗಷ್ಟೇ ಕೇಳುವಂತೆ.

ಅಣ್ಣಾಸಾಹೇಬರು ಬಾಯಿ ಮುಕ್ಕಳಿಸಿ ಬಂದು ಕುಳಿತರು. ಮುಖದಲ್ಲಿ ಹೊಸ ಕಳೆ. “ಮುರಗ್ಯಾ, ಯುಗಾದಿಗೆ ತೇರದಾಳದಾಗ ಮತ್ತ ನಾಟಕ ಮಾಡೇ ಬಿಡೂಣು. ಒಂದ ಮಾತ ಹೇಳ್ತೀನಿ, ಆ ಸಿನಿಮಾದ ನಾಯಿ ಏನ ಕೆಟ್ಟ ಇರಲಿಲ್ಲ. ದಂಡನಾಯಕನ ಮುಂದ ಪತ್ರ ಕಚ್ಚಿಗೊಂಡು ಒಂದ ನಾಯಿ ಬಂದ್ರ ನನ್ನ ಪ್ರವೇಶಕ್ಕ ಭಾಳ ಕಳೆ ಬರತೈತಿ.”

“ನಾಯಿ ಎಲ್ಲಿಂದ ತರೂದ್ರಿ?” ಎಂದ ಮುರಗೆಪ್ಪ.

ಒಬ್ಬೊಬ್ಬರಾಗಿ ಎಲ್ಲರೂ ಮನೋಜನ ಕಡೆ ತಿರುಗಿದರು. ಬೋರವ್ವ ಅವನ ಅಳತೆ ತೆಗೆಯುವವಳಂತೆ ಕತ್ತು ಓರೆ ಮಾಡಿ ನೋಡಿದಳು.

“ಮಾತಿಲ್ಲ, ಹಿಂಗಾಗಿ ಮಾತ ಮರಿಯೂ ಭಯಾನೂ ಇಲ್ಲ,” ಎಂದರು ಅಣ್ಣಾಸಾಹೇಬರು, ಪ್ರೀತಿಯಿಂದ ಅವನ ಬೆನ್ನು ಸವರುತ್ತ. “ಬರೇ ನಡಗಿ, ನೋಟ.”

ಬೇಡವೆನ್ನಲು ಮನೋಜ ಬಾಯಿ ತೆರೆದ. ಆದರೆ ಅವನಿಗಿಂತ ಮೊದಲು, ಬೆಳಗಿನಿಂದ ಖಾಲಿ ಬಿದ್ದಿದ್ದ ಅವನ ಹೊಟ್ಟೆ, ಹೋಳಿಗೆಯ ಘಮಲಿಗೆ ತಡೆಯಲಾರದೆ, ಇಡೀ ನಡುಮನೆಗೆ ಕೇಳುವಂತೆ “ಗುರ್ರ್ರ್” ಎಂದಿತು.

“ಭಲೆ! ಈಗಲೇ ಪಾತ್ರದಾಗ ಇಳದಾನ!” ಎಂದರು ಅಣ್ಣಾಸಾಹೇಬರು.

ಹನ್ನೊಂದು ಮಂದಿ ಎದ್ದು ನಿಂತರು. “ಒನ್ಸ್ ಮೋರ್!”

ಹೊಟ್ಟೆ ಅವರ ಮಾತು ಮೀರಲಿಲ್ಲ.